ದುರ್ಗ ಬಿದ್ದ ವರ್ಷದ ಸಿನಿಮಾ: ರಾಜನ ಕಥೆ ಅಲ್ಲ, ಊರವರ ಕಥೆ. ಎಲ್ಲೆಲ್ಲಿ ಎಡವಬಹುದು?

ಕಲ್ಲುಕೋಟೆ_ಕಥೆ
ಎಲ್ರಿಗೂ ನಮಸ್ಕಾರ. 1779ರಲ್ಲಿ ಹೈದರಾಲಿ ಚಿತ್ರದುರ್ಗ ಹಿಡಿದ ಆ ಕೆಲವು ತಿಂಗಳ ಮೇಲೆ ಎರಡು ಗಂಟೆಯ ಸಿನಿಮಾಕ್ಕೆ ಚಿತ್ರಕಥೆ ತಯಾರಾಗ್ತಿದೆ. ಮದಕರಿ ನಾಯಕರು ಬರೋದು ಎರಡೇ ದೃಶ್ಯದಲ್ಲಿ, ಅದೂ ದೂರದಿಂದ. ಕಥೆ ನಡೆಯೋದು ಮೂರು ಮನೇಲಿ: ಕೋವಿಮದ್ದು ಬೀಸೋ ಆಳು, ಗಾಣದ ಮನೆಯ ಹೆಂಗಸು, ಬತೇರಿ (ಕೋಟೆಯ ಕಾವಲು ಬುರುಜು) ಕಾಯೋ ಮ್ಯಾಸಬೇಡರ (ಬೇಡರ ಒಂದು ಪಂಗಡ) ಹುಡುಗ. ಕೋಟೆ ಬಿದ್ದ ಮೇಲೆ ಜನರನ್ನ ಶ್ರೀರಂಗಪಟ್ಟಣಕ್ಕೆ ಸಾಗಿಸೋ ಸಾಲಿನಲ್ಲಿ ಮುಗಿಯುತ್ತೆ. ದುಡ್ಡು ಕಮ್ಮಿ. ಸಹಕಲಾವಿದರು 60 ಜನ, ಎತ್ತು 4 ಜೋಡಿ, ಚಿತ್ರೀಕರಣ 28 ದಿನ. ನೋಡಿದವರು "ಇದು ಸುಳ್ಳು" ಅಂತ ಎದ್ದು ಹೋಗಬಾರದು. ಏನು ಇರಬೇಕು ಅನ್ನೋದಕ್ಕಿಂತ ಏನು ಇರಬಾರದು ಅಂತ ಮೊದಲು ಹೇಳಿ.

ಜೋಗಿಮಟ್ಟಿ_ಗಾಳಿ
ಮೊದಲು ಕ್ಯಾಮರಾ ಇಟ್ಟ ಕಡೆ ಗಿಡ ನೋಡ್ರಿ, ಆಮೇಲೆ ಕತ್ತಿ ಗುರಾಣಿ. ದುರ್ಗದ ಸುತ್ತ ಇವತ್ತು ಹಸಿರಾಗಿ ಕಾಣೋದ್ರಲ್ಲಿ ಅರ್ಧ ಆಗ ಇರಲೇ ಇಲ್ಲ. ಬಳ್ಳಾರಿ ಜಾಲಿ ನಮ್ಮ ದೇಶಕ್ಕೆ ಬಂದಿದ್ದು 1870ರ ದಶಕದಲ್ಲಿ. ಲಂಟಾನ 19ನೇ ಶತಮಾನದ ಶುರುವಿಗೆ. ಕಾಂಗ್ರೆಸ್ ಗಿಡ ಅಂತೂ 1950ರ ದಶಕದ್ದು. ನೀಲಗಿರಿ ತೋಪು, ಗುಲ್‌ಮೊಹರ್ ಎರಡೂ ಬೇಡ. ಬೇವು, ಹುಣಸೆ, ಕರಿಜಾಲಿ, ಕಕ್ಕೆ, ತಂಗಡಿ, ಎಕ್ಕ, ಬಂದರಿಕೆ ಗಿಡ ಇದ್ರೆ ಸಾಕು. ಸೀತಾಫಲ ಪರದೇಶದ್ದೇ, ಆದ್ರೆ ಪೋರ್ಚುಗೀಸರ ಕಾಲಕ್ಕೇ ಬಂದಿತ್ತು, ತಲೆ ಕೆಡಿಸ್ಕೋಬೇಡಿ.

ಆಕಾಶದ ಗೆರೆ ನೋಡಿದ್ರೆ ಗಾಳಿಯಂತ್ರ. ಯಾವ ಗುಡ್ಡದ ಕಡೆ ತಿರುಗಿದ್ರೂ ಎರಡು ಮೂರು ರೆಕ್ಕೆ ಸಿಗುತ್ತೆ. ಒಂದೊಂದನ್ನೂ ಗ್ರಾಫಿಕ್ಸ್‌ನಲ್ಲಿ ಅಳಿಸೋಕೆ ಹೋದ್ರೆ ಬಜೆಟ್ ಅಲ್ಲೇ ಖಾಲಿ. ಕ್ಯಾಮರಾನ ಸೊಂಟದ ಮಟ್ಟಕ್ಕೆ ಇಳಿಸಿ ಬಂಡೆಯನ್ನೇ ದಿಗಂತ ಮಾಡ್ಕೊಳ್ಳಿ. ಡ್ರೋನ್ ಹಾರಿಸಿ ಹಿರಿಯೂರು ಕಡೆ ನೀರು ತೋರಿಸಬೇಡಿ, ಮಾರಿಕಣಿವೆ ಕಟ್ಟೆ ಮುಗಿದಿದ್ದೇ 1907ರಲ್ಲಿ.

ಹುಚ್ಚೆಳ್ಳು
ಗಿಡದ ಮಾತು ಸರಿ, ಹೊಲದ ಮಾತೂ ಅದೇ. ಹಿನ್ನೆಲೆಯಲ್ಲಿ ಮೆಕ್ಕೆಜೋಳ, ಸೂರ್ಯಕಾಂತಿ ಕಂಡ್ರೆ ಮುಗೀತು. ಚಳ್ಳಕೆರೆ ಸೀಮೆ ಅಂದ ತಕ್ಷಣ ಶೇಂಗಾ ಅಂತ ಕಲಾ ನಿರ್ದೇಶಕರು ಮೂಟೆ ತಂದು ಇಡ್ತಾರೆ. ಇಲ್ಲಿ ಶೇಂಗಾ ದೊಡ್ಡ ಬೆಳೆಯಾಗಿದ್ದು ತುಂಬಾ ಆಮೇಲೆ. ಗಾಣದ ಮನೇಲಿ ಇರಬೇಕಾದ್ದು ಹುಚ್ಚೆಳ್ಳು, ಎಳ್ಳು, ಕುಸುಬೆ, ದೀಪಕ್ಕೆ ಹರಳು. ಹಿಂಡಿಯ ಬಣ್ಣದಲ್ಲೇ ಗೊತ್ತಾಗುತ್ತೆ: ಹುಚ್ಚೆಳ್ಳಿನ ಹಿಂಡಿ ಹೆಚ್ಚುಕಮ್ಮಿ ಕಪ್ಪು, ಶೇಂಗಾ ಹಿಂಡಿ ತಿಳಿ ಕಂದು. ಹತ್ತಿರದಿಂದ ತೋರಿಸಿದ್ರೆ ಹಳ್ಳಿಯವರು ಹಿಡೀತಾರೆ.

ತಟ್ಟೇಲಿ ಮುದ್ದೆ, ನವಣೆ ಅನ್ನ, ಸಜ್ಜೆ ಅಥವಾ ಜೋಳದ ರೊಟ್ಟಿ. ಟೊಮೆಟೊ, ಆಲೂಗಡ್ಡೆ, ಬೀನ್ಸ್ ಇಲ್ಲ. ಸಾರು ಕೆಂಪಗಿದ್ರೆ ಅದು ಮೆಣಸಿನಕಾಯಿಯ ಕೆಂಪಾಗಿರಬೇಕು, ಹುಳಿ ಹುಣಸೆಯದ್ದು.

ಬೆಣ್ಣೆದೋಸೆ
ಮೆಣಸಿನಕಾಯಿನೂ ಪರದೇಶದ್ದಲ್ವೇನ್ರಿ? ಅದಕ್ಕೆ ಯಾಕೆ ರಿಯಾಯಿತಿ?

ಹುಚ್ಚೆಳ್ಳು
ಪರದೇಶದ್ದೇ. ಆದ್ರೆ 1779ಕ್ಕೆ ಅದು ಬಂದು ಎರಡು ಶತಮಾನದ ಮೇಲಾಗಿತ್ತು. ಬಡವರ ಮನೇಲಿ ಕರಿಮೆಣಸಿಗಿಂತ ಇದೇ ಸಸ್ತಾ.

ಬತ್ತಿಕೋವಿ
ಕೋವಿ ವಿಷಯಕ್ಕೆ ಬರ್ತೀನಿ, ಯಾಕಂದ್ರೆ ಎಲ್ಲ ಐತಿಹಾಸಿಕ ಸಿನಿಮಾ ಸಾಯೋದು ಇಲ್ಲೇ. ಬತೇರಿ ಕಾಯೋ ಹುಡುಗನ ಕೈಲಿರೋದು ಬತ್ತಿಯ ಕೋವಿ. ಕುದುರೆ (ಟ್ರಿಗರ್) ಎಳೆದ್ರೆ ಢಂ ಅನ್ನೋದಲ್ಲ. ಕ್ರಮ ಹೀಗೆ: ಕೋವಿ ನೆಟ್ಟಗೆ ನಿಲ್ಲಿಸಿ ನಳಿಗೆಗೆ ಮದ್ದು ಸುರಿಯೋದು, ಬಟ್ಟೆ ಚೂರು ಸುತ್ತಿದ ಗುಂಡು ಹಾಕೋದು, ಗಜದ ಕೋಲಿನಿಂದ ಜಡಿಯೋದು. ಆಮೇಲೆ ಕಿವಿಯ ತಟ್ಟೆಗೆ ನುಣ್ಣನೆ ರಂಜಕ (ಕಿಡಿ ಹಿಡಿಯೋ ಮದ್ದು) ಹಾಕಿ ಮುಚ್ಚಳ ಮುಚ್ಚೋದು. ಬತ್ತಿಯ ತುದಿ ಊದಿ ಬೂದಿ ಹಾರಿಸಿ ಕೆಂಡ ಮಾಡೋದು, ಮುಚ್ಚಳ ತೆಗೆಯೋದು, ಒತ್ತೋದು. ಪಳಗಿದವನಿಗೂ ಒಂದು ಗುಂಡಿಗೆ ಸುಮಾರು ಒಂದು ನಿಮಿಷ. ನಿಮ್ಮ ಹುಡುಗ ಒಂದೇ ಶಾಟ್‌ನಲ್ಲಿ ಮೂರು ಸಲ ಹೊಡೆದ್ರೆ ನಾನು ಎದ್ದು ಹೋಗ್ತೀನಿ.

ಬತ್ತಿ ಅಂದ್ರೆ ಪೆಟ್ಲುಪ್ಪಿನ (ಸಾಲ್ಟ್‌ಪೀಟರ್) ನೀರಲ್ಲಿ ಅದ್ದಿ ಒಣಗಿಸಿದ ನೂಲಿನ ಹುರಿ. ನಿಧಾನಕ್ಕೆ ಉರಿಯುತ್ತೆ, ಗಂಟೆಗೆ ಅರ್ಧ ಗೇಣಿನಷ್ಟು. ಕಾವಲು ರಾತ್ರಿಯಿಡೀ ಅಂದ್ರೆ ಕೈಗೆ ನಾಲ್ಕೈದು ಮೊಳ ಸುತ್ತಿಕೊಂಡಿರಬೇಕು. ಅದನ್ನ ಯಾವ ಸಿನಿಮಾದವರೂ ತೋರಿಸಲ್ಲ.

ದುರ್ಗದ ಮೇಲೆ ಗಾಳಿ ಜೋರು. ಮುಚ್ಚಳ ತೆಗೆದ ಕ್ಷಣ ರಂಜಕ ಹಾರಿ ಹೋಗುತ್ತೆ, ಬತ್ತಿಯ ಕಿಡಿ ಮೈಮೇಲೆ ಬೀಳುತ್ತೆ. ಮಳೆ ಬಂದ್ರಂತೂ ಕೋವಿ ಬರೀ ದೊಣ್ಣೆ. ನಾಟಕ ಇರೋದು ಈ ಪೇಚಿನಲ್ಲಿ. ಇನ್ನೊಂದು: ಕತ್ತಲಲ್ಲಿ ಬತೇರಿ ಮೇಲೆ ಎಷ್ಟು ಬತ್ತಿ ಉಂಟೋ ಅಷ್ಟು ಕೆಂಪು ಚುಕ್ಕಿ ಕೆಳಗಿನ ದಂಡಿಗೆ ಕಾಣುತ್ತೆ. ಜನ ಕಮ್ಮಿ ಆಗ್ತಾ ಹೋದ ಹಾಗೆ ಚುಕ್ಕಿ ಕಮ್ಮಿ ಆಗೋದನ್ನ ತೋರಿಸಿ. ಒಂದು ಮಾತೂ ಬೇಡ, ಖರ್ಚೂ ಇಲ್ಲ.

ಹೈದರನ ಕವಾಯತಿನ ಪಡೆಗೆ ಮಾತ್ರ ಚಕಮಕಿ ಕೋವಿ ಕೊಡಿ, ಬತ್ತಿ ಬೇಡ, ಕಲ್ಲಿನ ಕಿಡಿಯಿಂದ ಹೊತ್ತೋದು. ಎರಡೂ ಕಡೆ ಒಂದೇ ತರ ಕೋವಿ ಕೊಟ್ರೆ ಮುತ್ತಿಗೆಯ ಅರ್ಥವೇ ಹೋಗುತ್ತೆ.

ಕೋಟೆಬೀದಿ
ಬಾಣ, ಅಂದ್ರೆ ಆಗಿನ ರಾಕೆಟ್, ಮರೀಬೇಡಿ. ಮೈಸೂರಿನ ಪಡೆ ಹೈದರನ ಕಾಲಕ್ಕೇ ಕಬ್ಬಿಣದ ಕೊಳವೆಯ ಬಾಣ ಬಿಡ್ತಿತ್ತು. 2018ರಲ್ಲಿ ಹೊಸನಗರ ತಾಲ್ಲೂಕಿನ ನಗರ ಕೋಟೆ ಕಡೆ ಹಾಳು ಬಾವೀಲಿ ಸಾವಿರಕ್ಕೂ ಹೆಚ್ಚು ಸಿಕ್ಕವಲ್ಲ, ಅವನ್ನ ನೋಡಿ ಅಳತೆ ತಗೊಳ್ಳಿ. ಗೇಣುದ್ದದ ಕೊಳವೆ, ಅದಕ್ಕೆ ಕಟ್ಟಿದ ಉದ್ದನೆ ಬಿದಿರು. ದೀಪಾವಳಿ ರಾಕೆಟ್ ತರ ಮೇಲಕ್ಕೆ ಹೋಗಿ ಹೂವಾಗಿ ಸಿಡಿಸಬೇಡಿ ಮಾರಾಯ್ರೇ. ನೆಲಕ್ಕೆ ತಾಗಿ ಪುಟಿದು ಎಲ್ಲಿಗೆ ಬೇಕೋ ಅಲ್ಲಿಗೆ ನುಗ್ಗೋದೇ ಅದರ ಭಯ.

ಕಲ್ಲುಕೋಟೆ_ಕಥೆ
ಮದ್ದು ಬೀಸೋ ದೃಶ್ಯ ಆರು ನಿಮಿಷ ಇದೆ. ಕೋಟೆಯೊಳಗಿನ ಆ ನಾಲ್ಕು ದೊಡ್ಡ ಕಲ್ಲಿನ ಗುಂಡಿ ಎಲ್ರಿಗೂ ಗೊತ್ತು. ಹೇಗೆ ತೋರಿಸೋದು?

ಬತ್ತಿಕೋವಿ
ಕಲ್ಲಿನಿಂದ ಶುರು ಮಾಡಬೇಡಿ, ಮಣ್ಣಿನಿಂದ ಶುರು ಮಾಡಿ. ಮದ್ದಿನಲ್ಲಿ ಮುಕ್ಕಾಲು ಪಾಲು ಪೆಟ್ಲುಪ್ಪು, ಉಳಿದದ್ದು ಇದ್ದಿಲು, ಗಂಧಕ. ಪೆಟ್ಲುಪ್ಪು ಸಿಗ್ತಿದ್ದಿದ್ದು ಹಳೇ ಗೋಡೆಯ ಬುಡ, ದನದ ಕೊಟ್ಟಿಗೆ, ಹಾಳೂರಿನ ಮಣ್ಣಲ್ಲಿ. ಉಪ್ಪಾರರು ಆ ಮಣ್ಣು ಕೆರೆದು, ನೀರಲ್ಲಿ ಇಳಿಸಿ, ಆ ನೀರನ್ನ ಕಾಯಿಸಿ ಹರಳು ಮಾಡ್ತಿದ್ರು. ಮುತ್ತಿಗೆ ಉದ್ದವಾದ್ರೆ ಸೌದೆ ಇಲ್ಲ, ಮಣ್ಣು ಇಲ್ಲ. ಸ್ವಂತ ಮನೆಯ ಗೋಡೆಯ ಬುಡ ಕೆರೆಯೋ ಹೆಂಗಸನ್ನ ತೋರಿಸಿ, ಯುದ್ಧ ಮನೆಯೊಳಗೆ ಬಂತು ಅಂತ ಬೇರೆ ಹೇಳಬೇಕಿಲ್ಲ.

ಬೀಸುವಾಗ ಒಣದಾಗಿ ಬೀಸಲ್ಲ, ನೀರು ಚಿಮುಕಿಸ್ತಾನೇ ಇರಬೇಕು, ಇಲ್ಲಾಂದ್ರೆ ಉಜ್ಜಾಟಕ್ಕೆ ಹತ್ಕೊಳ್ಳುತ್ತೆ. ನೀರು ಹೆಚ್ಚಾದ್ರೆ ಉಪ್ಪು ಕರಗಿ ಬೇರೆಯಾಗುತ್ತೆ, ಮದ್ದು ಸಪ್ಪೆ. ಆ ಆಳಿನ ಹುನರು ಇರೋದು ಅಂಗೈಲಿ ಎಷ್ಟು ನೀರು ಅನ್ನೋದ್ರಲ್ಲಿ. ಬರಿಗಾಲು, ಮರದ ಸಲಿಕೆ, ಮೈಮೇಲೆ ಕಬ್ಬಿಣದ ಚೂರೂ ಇಲ್ಲ, ಉಡಿದಾರದ ಬೀಗದಕೈ ಸಮೇತ ಹೊರಗೆ ಬಿಚ್ಚಿಟ್ಟು ಬರಬೇಕು. ಶೂಟಿಂಗಿಗೆ ಅಸಲಿ ಮದ್ದು ಬೇಡವೇ ಬೇಡ: ಇದ್ದಿಲಪುಡಿ, ಸ್ವಲ್ಪ ರಾಗಿ ಹಿಟ್ಟು, ನೀರು. ಕ್ಯಾಮರಾಕ್ಕೆ ಯಾವ ವ್ಯತ್ಯಾಸವೂ ತಿಳಿಯಲ್ಲ.

ಕಾಗದಪತ್ರ
ಆ ಗುಂಡಿಯಲ್ಲೇ ಚಿತ್ರೀಕರಣ ಅಂದ್ಕೊಂಡಿದ್ರೆ ಮರೆತುಬಿಡಿ. ಕೋಟೆ ಕೇಂದ್ರ ಪುರಾತತ್ವ ಇಲಾಖೆಯ ರಕ್ಷಿತ ಸ್ಮಾರಕ. ತಿಂಗಳುಗಟ್ಟಲೆ ಮೊದಲೇ ಅರ್ಜಿ, ಜೊತೆಗೆ ದೃಶ್ಯಗಳ ವಿವರ. ಬೆಂಕಿ, ಹೊಗೆ, ಮೊಳೆ, ಬಣ್ಣ, ಗಾರೆ ಯಾವುದೂ ನಡೆಯಲ್ಲ. ಎತ್ತು ಒಳಗೆ ಬಿಡ್ತಾರೆ ಅನ್ನೋ ಭರವಸೇನೂ ಬೇಡ. ಚಂದ್ರವಳ್ಳಿ ಕಡೆ ಹೋಗೋಣ ಅಂದ್ರೆ ಅಲ್ಲೂ ಇಲಾಖೆಯ ಬೋರ್ಡು. ಜೋಗಿಮಟ್ಟಿ ಅಂದ್ರೆ ಅರಣ್ಯ ಇಲಾಖೆ.

ಕೆಲಸ ಹಂಚ್ಕೊಳ್ಳಿ. ಬಾಗಿಲು, ಹೊಂಡ, ಬತೇರಿಯ ಹಗಲಿನ ದೃಶ್ಯ ಮಾತ್ರ ಕೋಟೇಲಿ, ಮೂರು ನಾಲ್ಕು ದಿನಕ್ಕೆ ಮುಗಿಸಿ. ಬೆಂಕಿ, ರಾತ್ರಿ, ಮದ್ದಿನ ಮನೆ ಎಲ್ಲಾ ಖಾಸಗಿ ಜಮೀನಿನ ಬಂಡೆ ನಡುವೆ. ಒಂದು ಎಚ್ಚರಿಕೆ: ಕ್ವಾರಿ ಮಾಡಿದ ಬಂಡೆ ಬೇಡ. ಡ್ರಿಲ್ಲಿಂಗ್ ಮಾಡಿದ ಉದ್ದನೆ ದುಂಡು ಗೆರೆ ಬೆಳಕಿಗೆ ಎದ್ದು ಕಾಣುತ್ತೆ. ಹಳೇ ಕಾಲದ ಕಲ್ಲಿನ ಅಂಚಲ್ಲಿ ಸಾಲಾಗಿ ಚೌಕಾಕಾರದ ಚಾಣದ ಗುಳಿ ಇರ್ತವೆ.

ಎತ್ತಿಗೂ ಪ್ರಾಣಿ ಕಲ್ಯಾಣ ಮಂಡಳಿಯ ಅನುಮತಿ ಮೊದಲೇ ಬೇಕು. ಎಲ್ಲಾ ಮುಗಿದ ಮೇಲೆ ಓಡಾಡಿದ್ರೆ ಸೆನ್ಸಾರ್ ಹತ್ರ ಸಿಕ್ಕಿಹಾಕ್ಕೊಳ್ತೀರಿ.

ತಣ್ಣೀರುದೋಣಿ
ಓಬವ್ವ ಇದಾಳೋ ಇಲ್ವೋ? ಅದನ್ನ ಹೇಳದೆ ಕೋವಿ, ಶೇಂಗಾ ಅಂತ ಎಲ್ಲೆಲ್ಲೋ ಹೋಗ್ತಿದೀರಿ. ಊರವರ ಸಿನಿಮಾ ಅಂದ್ಮೇಲೆ ಅವಳಿಗಿಂತ ಊರವಳು ಯಾರು? ಕಹಳೆಯ ಮುದ್ದಹನುಮನ ಹೆಂಡತಿ. ಗಂಡ ಊಟಕ್ಕೆ ಕೂತಿದ್ದ, ನೀರಿಗೆ ಅಂತ ಹೋದವಳು.

ಕೋಟೆಬೀದಿ
ಮತ್ತೆ ಅದೇ ಕಿಂಡಿ, ಅದೇ ಒನಕೆ? ಇಡೀ ಕರ್ನಾಟಕದ ಶಾಲಾ ವಾರ್ಷಿಕೋತ್ಸವದಲ್ಲಿ ನೋಡಿದ್ದಾಗಿದೆ.

ತಣ್ಣೀರುದೋಣಿ
ನೋಡಿದ್ದು ವೇಷ, ಕೆಲಸ ಅಲ್ಲ. ಒನಕೆ ಅಂದ್ರೆ ದಿನಾ ಎರಡು ಮೂರು ಗಂಟೆ ಎತ್ತಿ ಕುಟ್ಟೋ ಸಾಮಾನು. ಎದೆ ಮಟ್ಟಕ್ಕೂ ಮೇಲೆ ಬರೋ ಗಟ್ಟಿ ಮರ, ಬುಡಕ್ಕೆ ಕಬ್ಬಿಣದ ಬಳೆ, ನಡುವೆ ಕೈ ಸವೆದು ಸಣ್ಣಗಾದ ಜಾಗ. ನವಣೆ ಕುಟ್ಟೋಳು ಅದನ್ನ ತಲೆ ಮೇಲೆತ್ತಿ ಬೀಸಲ್ಲ, ನೆಟ್ಟಗೆ ಎತ್ತಿ ನೆಟ್ಟಗೆ ಬಿಡ್ತಾಳೆ, ಎಡಗೈ ಬಲಗೈ ಬದಲಾಯಿಸ್ತಾ. ಆ ಕಿಂಡೀಲಿ ಬೀಸೋಕೆ ಜಾಗವೂ ಇಲ್ಲ. ನೆಟ್ಟಗೆ ಬಿಡೋದೊಂದೇ ದಾರಿ. ಮೊದಲ ಅರ್ಧದಲ್ಲಿ ಗಾಣದ ಮನೆಯ ಹೆಂಗಸು ಕುಟ್ಟೋದನ್ನ ಸರಿಯಾಗಿ ತೋರಿಸಿ ಸಾಕು. ಓಬವ್ವನ ದೃಶ್ಯ ತೋರಿಸದೇ, ಆಚೆ ಬಂಡೆಯಿಂದ ಅದೇ ಲಯದ ಸದ್ದು ಕೇಳಿಸಿ.

ಜೋಗಿಮಟ್ಟಿ_ಗಾಳಿ
ಇದು ಇಡೀ ಎಳೆಯಲ್ಲಿ ಒಳ್ಳೇ ಸಲಹೆ. ಕೋಟೆಬೀದಿಯವರೇ, ಸೋತಿರಿ.

ಕೋಟೆಬೀದಿ
ಸರಿ ಬಿಡಿ. ಆದ್ರೆ ಅದು ಯಾವ ಮುತ್ತಿಗೆಯಲ್ಲಿ ಅನ್ನೋ ಜಗಳ ಶುರುವಾಗುತ್ತೆ ನೋಡಿ. ಊರವರಿಗೆ 1779 ಮೊದಲ ಮುತ್ತಿಗೆ ಅಲ್ಲ. 1777ರಲ್ಲೂ ಹೈದರ್ ತಿಂಗಳುಗಟ್ಟಲೆ ಕೂತಿದ್ದ, ಮರಾಠರು ಬರ್ತಿದಾರೆ ಅಂತ ದಂಡದ ಹಣಕ್ಕೆ ಒಪ್ಪಂದ ಮಾಡ್ಕೊಂಡು ಎದ್ದು ಹೋದ. ಹಾಗಾಗಿ ಎರಡನೇ ಸಲ ದಂಡು ಬಂದಾಗ ಜನ ಕಿರುಚಾಡಿ ಓಡೋ ದೃಶ್ಯ ಬರೀಬೇಡಿ. ಅವರಿಗೆ ಏನು ಮಾಡಬೇಕು ಅಂತ ಗೊತ್ತಿತ್ತು: ಕಾಳು ಹೂಳೋದು, ದನ ಆಚೆ ಹೊಡೆಯೋದು, ಹೊಂಡದ ಮಟ್ಟ ನೋಡೋದು.

ಹುಚ್ಚೆಳ್ಳು
ಕಾಳು ಹೂಳೋದು ಅಂದ್ರಲ್ಲ, ಹಗೇವಿನ (ಕಾಳು ತುಂಬಿಡೋ ನೆಲದ ಗುಂಡಿ) ದೃಶ್ಯ ಇರಲೇಬೇಕು. ಕಿರಿದಾದ ಬಾಯಿ, ಒಳಗೆ ಗಡಿಗೆ ತರ ಅಗಲ, ಸುತ್ತ ಹುಲ್ಲಿನ ಹೊದಿಕೆ, ಮೇಲೆ ಚಪ್ಪಡಿ, ಮಣ್ಣು. ತೆಗೆದ ತಕ್ಷಣ ಯಾರೂ ಇಳಿಯಲ್ಲ. ಒಳಗಿನ ಕಾಳು ಉಸಿರಾಡಿ ಗಾಳಿ ಕೆಟ್ಟಿರುತ್ತೆ. ಅರ್ಧ ದಿನ ಬಾಯಿ ತೆರೆದಿಟ್ಟು, ಹಗ್ಗಕ್ಕೆ ಹಣತೆ ಕಟ್ಟಿ ಇಳಿಸ್ತಾರೆ. ದೀಪ ಆರಿದ್ರೆ ಇನ್ನೂ ಕಾಯಬೇಕು. ಅವಸರಕ್ಕೆ ಇಳಿದವನು ಸದ್ದಿಲ್ಲದೆ ಕುಸಿದು ಬೀಳ್ತಾನೆ, ಎತ್ತೋಕೆ ಇಳಿದವನೂ ಅಷ್ಟೇ.

ಮುತ್ತಿಗೆಯ ಕೊನೇಲಿ ಕಟ್ಟಕಡೆಯ ಹಗೇವು ತೆಗೀತಾರೆ ಅಂದ್ಕೊಳ್ಳಿ. ಹಸಿದ ಜನ ಸುತ್ತ ನಿಂತಿದಾರೆ, ಕೆಳಗೆ ದೀಪ ಆರಿ ಆರಿ ಹೋಗ್ತಿದೆ. ಕೊನೆಗೆ ಮೇಲೆ ಬಂದ ಕಾಳಲ್ಲಿ ನಡುವಿನದು ಚೆನ್ನಾಗಿದೆ, ಗೋಡೆಗೆ ತಾಗಿದ್ದು ಕಪ್ಪಗಾಗಿ ಮುಗ್ಗಲು. ಕಪ್ಪಗಾದದ್ದನ್ನ ಎಸೆಯೋದೋ ತೊಳೆದು ತಿನ್ನೋದೋ? ಅಳತೆಗೆ ಸೇರು, ಬಳ್ಳ, ಕೊಳಗ ಇಡಿ. ಬಳ್ಳಕ್ಕೆ ತುಂಬಿದ ಮೇಲೆ ರಾಶಿಯಾಗಿ ಬಿಡ್ತಾರಾ, ಕೈಯಿಂದ ಸಮ ಮಾಡ್ತಾರಾ ಅನ್ನೋದ್ರಲ್ಲೇ ಊರಿನ ಪರಿಸ್ಥಿತಿ ಗೊತ್ತಾಗುತ್ತೆ.

ಕೋಟೆಬೀದಿ
ನೀರಿಗೂ ಹಾಗೇ ಒಂದು ಕ್ರಮ ಇದೆ. ಮೇಲೆ ಗೋಪಾಲಸ್ವಾಮಿ ಹೊಂಡ, ಅದು ತುಂಬಿದ್ರೆ ಅಕ್ಕತಂಗಿಯರ ಹೊಂಡ, ಅಲ್ಲಿಂದ ಕೆಳಗೆ ಸಿಹಿನೀರು ಹೊಂಡ, ಸಂತೆಹೊಂಡ. ದುರ್ಗದಲ್ಲಿ ಮಳೆ ಹೆಚ್ಚು ಬೀಳೋದು ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ಆ ತಿಂಗಳಲ್ಲಿ ಬಂದು ಹೊಂಡ ತುಂಬಿದ ದೃಶ್ಯ ಮಾತ್ರ ತೆಗೆದು ಹೋಗಿ, ಉಳಿದದ್ದು ಜನವರಿ ಮೇಲೆ.

ದಂಡಿನದಾರಿ
ಎಲ್ಲ ಸರಿ, ದ್ರೋಹ ಯಾರದ್ದು ಅಂತ ತೋರಿಸ್ತೀರಾ? ಕೋಟೆ ಬಿದ್ದಿದ್ದು ನಾಯಕರ ಸೈನ್ಯದಲ್ಲಿದ್ದ ಮುಸಲ್ಮಾನ ಸರದಾರರಿಂದ. ಅದನ್ನ ಮುಚ್ಚಿಡಬೇಡಿ.

ಕಾಗದಪತ್ರ
ಮುಚ್ಚಿಡೋದು ಬೇಡ, ಅರ್ಧ ಹೇಳೋದೂ ಬೇಡ. ಆಮೇಲೆ ಬರೆದ ಬ್ರಿಟಿಷ್ ಅಧಿಕಾರಿಗಳ ಬರಹದಲ್ಲಿ ಆ ಮಾತಿದೆ, ನಿಜ. ಹಾಗೇ ನೋಡಿದ್ರೆ ಮದಕರಿ ನಾಯಕರ ಪಡೆಯಲ್ಲಿ ಮುಸಲ್ಮಾನರು ಸಾವಿರಗಟ್ಟಲೆ ಇದ್ರು ಅನ್ನೋದೂ ಅದೇ ಬರಹದಲ್ಲಿದೆ. ಹೈದರನ ಪಡೆಯಲ್ಲಿ ಹಿಂದೂಗಳೂ ಕಮ್ಮಿ ಇರಲಿಲ್ಲ. ಒಂದು ಕಡೆ ಪೂರ್ತಿ ಕೇಸರಿ ರುಮಾಲು, ಇನ್ನೊಂದು ಕಡೆ ಪೂರ್ತಿ ಹಸಿರು ಅಂತ ವಸ್ತ್ರವಿನ್ಯಾಸ ಮಾಡಿದ್ರೆ ಅದು ಇತಿಹಾಸ ಅಲ್ಲ, ಚುನಾವಣಾ ಮೆರವಣಿಗೆ.

ದಂಡಿನದಾರಿ
ಹೈದರ್ ಮಾಡಿದ್ದನ್ನ ತೆಳು ಮಾಡೋ ಆಟ ಇದು.

ಕಾಗದಪತ್ರ
ತೆಳು ಮಾಡಿದ್ದು ಎಲ್ಲಿ? ಸುಮಾರು 20,000 ಬೇಡರನ್ನ ಶ್ರೀರಂಗಪಟ್ಟಣಕ್ಕೆ ಸಾಗಿಸಿದ್ದು, ಹುಡುಗರನ್ನ ಮತಾಂತರಿಸಿ ಚೇಲಾ ಪಡೆ ಕಟ್ಟಿದ್ದು, ಎರಡೂ ಸಿನಿಮಾದಲ್ಲಿ ಇರಲಿ. ಗಾಣದ ಮನೆಯವಳಿಗೆ ಯಾವ ಸರದಾರ ಯಾರ ಜೊತೆ ಏನು ಮಾತಾಡಿದ ಅಂತ ಗೊತ್ತಾಗೋ ದಾರಿಯೇ ಇಲ್ಲ. ಬೆಳಗ್ಗೆ ಎದ್ದಾಗ ಬಾಗಿಲು ತೆರೆದಿತ್ತು, ಅಷ್ಟೇ. ಕ್ಯಾಮರಾ ಅವಳ ಮನೇಲಿದ್ರೆ ಅದಕ್ಕಿಂತ ಹೆಚ್ಚು ತೋರಿಸೋದೇ ಮೋಸ.

ಬೆಣ್ಣೆದೋಸೆ
ಮ್ಯಾಸಬೇಡರ ಹುಡುಗ ಹೆಂಡ ಕುಡಿದು ಕೋಳಿ ತಿನ್ನೋ ದೃಶ್ಯ ಏನಾದ್ರೂ ಬರೆದಿದೀರಾ? ಇದ್ರೆ ಈಗಲೇ ಕಿತ್ತುಹಾಕಿ. ಮ್ಯಾಸಬೇಡರ ಸಂಪ್ರದಾಯದಲ್ಲಿ ಕೋಳಿ ನಿಷಿದ್ಧ, ಈಚಲ ಹೆಂಡವೂ ನಿಷಿದ್ಧ.

ಕಲ್ಲುಕೋಟೆ_ಕಥೆ
ಇತ್ತು. 14ನೇ ದೃಶ್ಯ. ಕಿತ್ತೆ.

ಮೊಳಕಾಲ್ಮೂರು_ಮಗ್ಗ
ಬಟ್ಟೆ ಬಗ್ಗೆ ಯಾರೂ ಮಾತಾಡಿಲ್ಲ. ಕೃತಕ ಬಣ್ಣ ಕಂಡುಹಿಡಿದಿದ್ದೇ 1856ರಲ್ಲಿ. ಹಾಗಾಗಿ ಕಡು ಗುಲಾಬಿ, ಪ್ಯಾರಟ್ ಹಸಿರು, ನೇರಳೆ ಯಾವುದೂ ಬೇಡ. ನೀಲಿ, ಕಾವಿ, ಮಂಜಿಷ್ಠದ ಮಂಕು ಕೆಂಪು, ಉಳಿದದ್ದು ತೊಳೆದು ತೊಳೆದು ಬೂದಿಯಾದ ಬಿಳಿ. ಕೈನೂಲಿನ ಬಟ್ಟೇಲಿ ದಾರ ದಪ್ಪ ಸಣ್ಣ ಆಗಿರುತ್ತೆ. ಮಿಲ್ ಕೋರಾ ತಂದು ಚಹಾ ನೀರಲ್ಲಿ ಅದ್ದಿದ್ರೆ ಬಣ್ಣ ಬರುತ್ತೆ, ಆ ಏರಿಳಿತ ಬರಲ್ಲ. ಮುಂದಿನ ಸಾಲಿನ ಹತ್ತು ಜನಕ್ಕಾದ್ರೂ ಕೈಮಗ್ಗದ್ದೇ ಕೊಡಿ, ಹಿಂದಿನವರಿಗೆ ಕೋರಾ ಸಾಕು. ಅಂಚಲ್ಲಿ ಓವರ್‌ಲಾಕ್ ಹೊಲಿಗೆ ಕಂಡ್ರೆ ಕತ್ತರಿಸಿ.

ಕಂಬಳಿ ಎಷ್ಟಿದ್ರೂ ಸಾಲದು. ಮಳೆಗೆ ಕೊಪ್ಪೆ, ರಾತ್ರಿ ಹಾಸಿಗೆ, ಹೊರಡುವಾಗ ಗಂಟು. ಚಳ್ಳಕೆರೆ ಕಡೆಯ ಕರಿ ಕಂಬಳಿ ಬಾಡಿಗೆಗಿಂತ ಕೊಂಡ್ರೇ ವಾಸಿ. ನೆನೆಸೋ ದೃಶ್ಯ ಇದ್ರೆ ಕೊನೇ ದಿನಕ್ಕೆ ಇಟ್ಕೊಳ್ಳಿ. ನೆಂದ ಕಂಬಳಿ ಹೊರೋಕಾಗದಷ್ಟು ಭಾರ ಆಗುತ್ತೆ, ಎರಡು ದಿನ ಒಣಗಲ್ಲ, ಒಣಗಿದ ಮೇಲೆ ಕುಗ್ಗಿರುತ್ತೆ.

ಕೋಟೆಬೀದಿ
ಮಾತು? "ಅಪ್ಪಣೆ ಮಹಾಪ್ರಭು" ಅಂತ ಗಾಣದವಳು ಅಂದ್ರೆ ಟಿಕೆಟ್ ದುಡ್ಡು ವಾಪಸ್ ಕೇಳ್ತೀವಿ.

ತಣ್ಣೀರುದೋಣಿ
ದುರ್ಗದ ಆಡುಮಾತೇ ಇರಲಿ. ನಿಮಿಷ, ಮೈಲಿ ಬೇಡ: ಗಳಿಗೆ, ಜಾವ, ಹರಿದಾರಿ, ಗಾವುದ. ದುಡ್ಡಿಗೆ ವರಹ, ಹಣ. ಹಾಗಂತ ಫಾರ್ಸಿ ಪದ ಎಲ್ಲಾ ಸೋಸಿ "ಶುದ್ಧ ಕನ್ನಡ" ಮಾಡೋದೂ ಸುಳ್ಳೇ. ಕಿಲ್ಲೆ, ಜಮಾದಾರ, ರುಮಾಲು ಆಗಲೇ ಬಾಯಲ್ಲಿದ್ದವು. ಮೊಳಕಾಲ್ಮೂರು ಕಡೆಯವರ ಬಾಯಲ್ಲಿ ತೆಲುಗೂ ಬರಲಿ.

ಕಲ್ಲುಕೋಟೆ_ಕಥೆ
ಕೊನೇ ದೃಶ್ಯ: 60 ಜನರಲ್ಲಿ 20,000 ಜನರ ಸಾಲು ಹೇಗೆ?

ಜೋಗಿಮಟ್ಟಿ_ಗಾಳಿ
ಬಯಲಲ್ಲಿ ಮೇಲಿನಿಂದ ತೋರಿಸಬೇಡಿ, ಬಡತನ ಬಯಲಾಗುತ್ತೆ. ಗಾಡಿಯ ಚಕ್ರದ ಎತ್ತರಕ್ಕೆ ಕ್ಯಾಮರಾ, ಉದ್ದ ಲೆನ್ಸ್, ಸಾಲು ಕ್ಯಾಮರಾ ಕಡೆಗೇ ಬರಲಿ. ದಾರಿ ಒಂದು ಬಂಡೆಯ ಹಿಂದೆ ತಿರುಗಬೇಕು. ಹಾದುಹೋದವರು ಬಂಡೆ ಸುತ್ತಿ ಬಂದು, ಗಂಟು ಕಂಬಳಿ ಅದಲುಬದಲು ಮಾಡಿ ಮತ್ತೆ ಸಾಲಿಗೆ. ಮೂರು ಸುತ್ತು ಸಾಕು. ಮುಂದೆ ಕಾಣೋ ಹತ್ತು ಮುಖ ಮಾತ್ರ ಎರಡನೇ ಸಲ ಬರಬಾರದು. ಧೂಳಿಗೆ ಜೀಪು ಓಡಿಸಬೇಡಿ, ಗೆರೆ ಗೆರೆಯಾಗಿ ಏಳುತ್ತೆ. ಎರಡು ಜೋಡಿ ಎತ್ತು ಮುಂದೆ ನಡೆಸಿ, ಅದರದೇ ಧೂಳಲ್ಲಿ ಹಿಂದಿನವರು ಮಸುಕಾಗಲಿ. ಗಾಡಿಗೆ ಟೈರು ಇಲ್ಲದ್ದು, ಕಬ್ಬಿಣದ ಪಟ್ಟಿಯ ಮರದ ಗಾಲಿ. ಕೊಂಬಿನ ಪೇಂಟು ಕೆರೆದು ತೆಗೀರಿ.

ಇನ್ನು ಮೈ. ತೋಳು ಬರಿಯಾಗಿ ಇರೋದ್ರಿಂದ ಲಸಿಕೆಯ ಗುರುತು ಕಾಣುತ್ತೆ, ಪ್ರತಿಯೊಬ್ಬರದ್ದೂ ಮುಚ್ಚಿ. ವಾಚು ಕಟ್ಟಿದ ಬಿಳಿ ಪಟ್ಟಿ, ಚಪ್ಪಲಿಯ ವಿ ಆಕಾರದ ಗೆರೆ, ಹುಬ್ಬಿನ ಥ್ರೆಡಿಂಗ್, ತಲೆಗೂದಲಿನ ಡೈ. ಇವನ್ನ ನೋಡೋಕೇ ಒಬ್ಬರನ್ನ ನೇಮಿಸಿ.

ಕಾಗದಪತ್ರ
ಶ್ರೀರಂಗಪಟ್ಟಣ ಇನ್ನೂರು ಕಿಲೋಮೀಟರಿಗೂ ಮಿಗಿಲು. ಮಕ್ಕಳು ಮರಿ, ಗಾಡಿ ಅಂದ್ರೆ ದಿನಕ್ಕೆ 15 ಕಿಲೋಮೀಟರ್ ಹೆಚ್ಚೇ. ಎರಡು ವಾರದ ನಡಿಗೆ. ಬಟ್ಟೆಯ ಕೊಳೆ, ಪಾದದ ಬಿರುಕು ಆ ಲೆಕ್ಕಕ್ಕೆ ಏರಲಿ.

ಬೆಣ್ಣೆದೋಸೆ
ಒಬ್ಬರಾದ್ರೂ ತಪ್ಪಿಸ್ಕೊಂಡು ದಾವಣಗೆರೆಗೆ ಬರಲಿ ಸ್ವಾಮಿ. ಆಗ ನಮ್ಮೂರು ಬೇತೂರಿನ ಪಕ್ಕದ ಸಣ್ಣ ಹಳ್ಳಿ. ಅದನ್ನ ಅಪೋಜಿ ರಾಮ ಅನ್ನೋ ಮರಾಠಾ ಸರದಾರನಿಗೆ ಜಹಗೀರು ಕೊಟ್ಟವನು ಇದೇ ಹೈದರ್. ಆ ಸರದಾರ ವ್ಯಾಪಾರಸ್ಥರನ್ನ ಕರೆದು ಕೂರಿಸಿದ್ಮೇಲೇ ಪೇಟೆ ಬೆಳೆದಿದ್ದು. ದುರ್ಗ ಖಾಲಿ ಮಾಡಿದವನೇ ಇಲ್ಲಿ ಅಂಗಡಿ ಬೀದಿಗೆ ಕಾರಣ. ಗಾಣದವಳಿಗೆ ಇದಕ್ಕಿಂತ ಒಳ್ಳೇ ಜಾಗ ಇಲ್ಲ.

ದಂಡಿನದಾರಿ
ಕೊನೆಗೂ ದಾವಣಗೆರೆಗೆ ತಂದು ನಿಲ್ಲಿಸಿದ್ರಿ.

ಬೆಣ್ಣೆದೋಸೆ
ಯೂನಿಟ್ಟಿಗೆ ತಿಂಡೀನೂ ಇಲ್ಲಿಂದಲೇ ತರಿಸ್ಕೊಳ್ಳಿ. ಮಂಡಕ್ಕಿ ಚೀಲ ಮಾತ್ರ ಫ್ರೇಮಲ್ಲಿ ಬರಬಾರದು.

ಕಲ್ಲುಕೋಟೆ_ಕಥೆ
ಗಾಣದವಳನ್ನ ಬೇತೂರು ದಾರಿಗೆ ಹಾಕ್ತಾ ಇದೀನಿ. ಕೊನೇ ಪ್ರಶ್ನೆ: ಕಹಳೆ. ಹುಡುಗನ ಕೈಲಿ ಊದಿಸಬೇಕು, ಹಿನ್ನೆಲೆಗೆ ಶಿವರಂಜನಿ ರಾಗ ಹಾಕೋಣ ಅಂತ ಸಂಗೀತದವರು.

ತಣ್ಣೀರುದೋಣಿ
ಕಹಳೆಗೆ ಬೆರಳಿಡೋ ತೂತೇ ಇಲ್ಲ, ಎಲ್ಲಾ ತುಟಿ ಮತ್ತು ಉಸಿರು. ಬರೋದು ನಾಲ್ಕೈದು ಸ್ವರ, ಅದರಲ್ಲಿ ಶಿವರಂಜನಿ ಎಲ್ಲಿಂದ ತರ್ತಾರೆ? ಹೊಸಬ ಊದಿದ್ರೆ ಮೊದಲ ವಾರ ಬರೀ ಗಾಳಿ, ಎರಡನೇ ವಾರ ಎಮ್ಮೆ ಕೂಗು. ಊದೋ ಅಭ್ಯಾಸ ಇರೋರನ್ನೇ ಕರೆಸಿ ಸದ್ದು ಬೇರೆ ರೆಕಾರ್ಡ್ ಮಾಡ್ಕೊಳ್ಳಿ, ಹುಡುಗನಿಗೆ ಕೆನ್ನೆ ಉಬ್ಬಿಸೋದನ್ನಷ್ಟೇ ಕಲಿಸಿ. ನಾಯಕನಹಟ್ಟಿ ತೇರಿನ ಹೊತ್ತಿಗೆ ಮಾತ್ರ ಡೇಟ್ ಕೇಳಬೇಡಿ, ಒಬ್ಬರೂ ಸಿಗಲ್ಲ.